ಬಲ್ಮಠದ ಗುಡ್ಡ, ಜರ್ಮನ್ ಕಿವಿ ಮತ್ತು ದಾಸರ ಪದ

"ಒಳ್ಳೆಯ ಸಂಗೀತ ಯಾವುದು?" ಅಂತ ನಾಲ್ಕು ಜನ ಇದ್ದ ಕಡೆ ಕೇಳಿ ನೋಡಿ. ಕಾಫಿ ತಣಿಯುವುದರೊಳಗೆ ಎರಡು ಪಕ್ಷ ಆಗಿರುತ್ತದೆ. ಒಂದು ಪಕ್ಷ, "ಅದೆಲ್ಲ ಅವರವರ ರುಚಿ ಮಾರಾಯ್ರೆ, ನನಗೆ ಇಷ್ಟ ಆದದ್ದೇ ನನಗೆ ಒಳ್ಳೇದು" ಎನ್ನುತ್ತದೆ. ಇನ್ನೊಂದು ಪಕ್ಷ, "ಶ್ರುತಿ, ತಾಳ ಗೊತ್ತಿಲ್ಲದವರ ಇಷ್ಟಕ್ಕೆ ಏನು ಬೆಲೆ?" ಎಂದು ಮೂಗು ಮುರಿಯುತ್ತದೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಯಾಕೆಂದರೆ ಎರಡೂ ಕಡೆಯವರಿಗೆ ತಮ್ಮ ಮಾತು ಸರಿಯೇ ಅನ್ನಿಸಿರುತ್ತದೆ.

ಈ ಜಗಳ ಹೊಸದಲ್ಲ. ನಮ್ಮ ಮಂಗಳೂರಿನ ಬಲ್ಮಠದ ಗುಡ್ಡದ ಮೇಲೆ ಸುಮಾರು ನೂರೆಪ್ಪತ್ತು ವರ್ಷಗಳ ಹಿಂದೆ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬಂದಿತ್ತು. ಆ ಕಥೆಯನ್ನು ಸ್ವಲ್ಪ ನೋಡೋಣ. ಎರಡೂ ಪಕ್ಷದವರಿಗೆ ಅದರಲ್ಲಿ ಸ್ವಲ್ಪ ಪಾಠ ಇದೆ ಅಂತ ನನ್ನ ಅನಿಸಿಕೆ.

ಬಾಸೆಲ್ ಮಿಶನ್‌ನ ಮೊದಲ ಮೂವರು, ಅಂದರೆ ಹೆಬಿಕ್, ಲೇನರ್ ಮತ್ತು ಗ್ರೈನರ್, ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಎರಡು ವರ್ಷದ ನಂತರ ಹರ್ಮನ್ ಮೋಗ್ಲಿಂಗ್ ಬಂದರು. ಬಲ್ಮಠ ಇವರ ಕೇಂದ್ರವಾಯಿತು. ಶಾಲೆ, ಅಚ್ಚುಕೂಟ, ಪಾದ್ರಿಗಳ ತರಬೇತಿ ಎಲ್ಲ ಬೆಳೆಯಿತು. ಈಗ ಅಲ್ಲಿರುವ ಶಾಂತಿ ಕೆಥೆಡ್ರಲ್ ಕಟ್ಟಿದ್ದು 1862ರಲ್ಲಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಇದೇ ಮೋಗ್ಲಿಂಗರ ಕೈಯಿಂದ ಬಂದದ್ದು ನಿಮಗೆಲ್ಲ ಗೊತ್ತಿರುವ ವಿಷಯ. ನಮ್ಮಲ್ಲಿ ಅಷ್ಟಾಗಿ ಚರ್ಚೆಯಾಗದೇ ಉಳಿದದ್ದು ಅವರು ಜತೆಗೆ ತಂದ ಇನ್ನೊಂದು ಸಾಮಾನಿನ ಬಗ್ಗೆ. ಅದು ಅವರ ಕಿವಿ!

ಇವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿ ಕಡೆಯವರು. ಇಗರ್ಜಿಯಲ್ಲಿ ಎಲ್ಲರೂ ಒಟ್ಟಿಗೆ ನಿಂತು ಹಾಡುವ, ಒಂದೊಂದು ಅಕ್ಷರಕ್ಕೆ ಒಂದೊಂದು ಸ್ವರ ಇಡುವ, ನಾಲ್ಕು ಧ್ವನಿಗಳು ಏಕಕಾಲಕ್ಕೆ ಬೇರೆ ಬೇರೆ ಸ್ವರ ಹಿಡಿದು ಸೇರುವ ಹಾಡುಗಳನ್ನು ಎಳವೆಯಿಂದ ಕೇಳಿ ಬೆಳೆದವರು. ಅಂಥವರ ಕಿವಿಗೆ ನಮ್ಮ ಹಾಡು ಹೇಗೆ ಕೇಳಿಸಿರಬೇಕು? ಒಂದು ಶ್ರುತಿ, ಅದರ ಮೇಲೆ ಒಂದೇ ಧ್ವನಿ. ಆ ಧ್ವನಿಯೂ ಒಂದು ಸ್ವರದಲ್ಲಿ ನೆಟ್ಟಗೆ ನಿಲ್ಲದೆ ಜಾರುತ್ತ, ಓಲಾಡುತ್ತ ಇರುವುದು. ಇವರಿಗಿಂತ ಮೊದಲೇ ಮೈಸೂರು ಸೀಮೆಯಲ್ಲಿ ವರ್ಷಗಟ್ಟಲೆ ಇದ್ದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ, ಇಲ್ಲಿನ ಸಂಗೀತ ಯುರೋಪಿನವರಿಗೆ ಹಿತವಲ್ಲ ಎಂಬ ಧಾಟಿಯಲ್ಲೇ ಬರೆದಿದ್ದರು. ಇಲ್ಲಿನ ಜನರ ರೀತಿನೀತಿಗಳನ್ನು ಅಷ್ಟು ಸೂಕ್ಷ್ಮವಾಗಿ ಗಮನಿಸಿದ ಮನುಷ್ಯ ಹಾಡಿನ ವಿಷಯ ಬಂದಾಗ ಬೇಗನೆ ತೀರ್ಪು ಕೊಟ್ಟುಬಿಟ್ಟರು.

ಇದನ್ನು ಬರೀ ಬಿಳಿಯರ ಸೊಕ್ಕು ಅಂತ ತಳ್ಳಿಹಾಕುವುದು ಸುಲಭ. ಆದರೆ ನಮ್ಮವರು ಮೊದಲ ಸಲ ಇಗರ್ಜಿಯ ನಾಲ್ಕು ಧ್ವನಿಯ ಹಾಡು ಕೇಳಿದಾಗ ಏನು ಅಂದುಕೊಂಡಿರಬಹುದು? "ಗಮಕವೇ ಇಲ್ಲ, ಹಲಗೆ ಹಾಗೆ ಚಪ್ಪಟೆ!" ಅಂತಲೇ ಅಲ್ಲವೇ? ಅವರು ನಮ್ಮಲ್ಲಿ 'ಹಾರ್ಮನಿ' ಹುಡುಕಿದರು, ಸಿಗಲಿಲ್ಲ. ನಾವು ಅವರಲ್ಲಿ ಗಮಕ ಹುಡುಕುತ್ತೇವೆ, ಸಿಗುವುದಿಲ್ಲ. ಇದ್ದದ್ದನ್ನು ಕೇಳುವ ಮೊದಲು ಇಲ್ಲದ್ದನ್ನು ಲೆಕ್ಕ ಹಾಕುವುದು ಎಲ್ಲ ಕಿವಿಗಳ ಗುಣ.

ಹಾಗಾದರೆ ಎಲ್ಲವೂ ರುಚಿಯ ಪ್ರಶ್ನೆ, ಬಾಗಿಲು ಹಾಕಿ ಎನ್ನೋಣವೇ? ಸ್ವಲ್ಪ ತಡೆಯಿರಿ.

ಮಿಶನ್‌ನವರು ಜರ್ಮನ್ ಹಾಡುಗಳನ್ನು ಕನ್ನಡಕ್ಕೆ, ತುಳುವಿಗೆ ತಂದರು. ಮಟ್ಟು ಜರ್ಮನ್, ಮಾತು ನಮ್ಮದು. ಇಲ್ಲಿ ಒಂದು ತೊಡಕು ಇದೆ. ಜರ್ಮನ್ ಪದ್ಯ ನಿಂತಿರುವುದು ಒತ್ತಿನ ಮೇಲೆ. ಯಾವ ಅಕ್ಷರಕ್ಕೆ ಒತ್ತು ಬೀಳುತ್ತದೆ ಅನ್ನುವುದೇ ಅಲ್ಲಿ ಮುಖ್ಯ. ಕನ್ನಡ ಪದ್ಯ ನಿಂತಿರುವುದು ಅಳತೆಯ ಮೇಲೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಮ್ಮಲ್ಲಿ ಅಕ್ಷರ ಎಳೆದರೆ ಅರ್ಥವೇ ಬದಲಾಗುತ್ತದೆ. ಬಲೆ ಬಾಲೆಯಾಗುತ್ತದೆ, ಮರ ಮಾರನಾಗುತ್ತಾನೆ, ಕಡು ಹೋಗಿ ಕಾಡು ಆಗುತ್ತದೆ. ಒತ್ತಿಗೆ ಅಂತ ಮಾಡಿದ ಮಟ್ಟಿನಲ್ಲಿ ಕನ್ನಡದ ಲಘುವನ್ನು ಕೂರಿಸಿ ಉದ್ದಕ್ಕೆ ಎಳೆದರೆ ಕೇಳುವವನಿಗೆ ಮುಜುಗರ ಆಗಿಯೇ ಆಗುತ್ತದೆ. ಇದು ರುಚಿಯ ಮಾತಲ್ಲ ನೋಡಿ. ಆ ಹಾಡನ್ನು ಪ್ರೀತಿಸುವವರೂ, ಪ್ರೀತಿಸದವರೂ ಬೆರಳಿಟ್ಟು ತೋರಿಸಬಹುದಾದ ದೋಷ. ಅದೇ ಮಟ್ಟು ಜರ್ಮನ್ ಮಾತಿನೊಡನೆ ಸರಿಯಾಗಿಯೇ ಕೂರುತ್ತದೆ ಅನ್ನುವುದೂ ಅಷ್ಟೇ ನಿಜ.

ಈಗ ಮೋಗ್ಲಿಂಗರ ಇನ್ನೊಂದು ಕೆಲಸ ನೋಡಿ. ಕಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಹಣದ ನೆರವಿನಿಂದ 1848ರಿಂದ 1853ರವರೆಗೆ 'ಬಿಬ್ಲಿಯೋತಿಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಕನ್ನಡದ ಹಳೆಯ ಕೃತಿಗಳನ್ನು ಅವರು ಅಚ್ಚು ಹಾಕಿಸಿದರು. ಅದರಲ್ಲಿ 1850ರಲ್ಲಿ ಬಂದದ್ದು ದಾಸರ ಪದಗಳ ಸಂಗ್ರಹ. ಬಾಯಿಂದ ಬಾಯಿಗೆ ಬಂದಿದ್ದ ಪದಗಳು ಹೀಗೆ ಪುಸ್ತಕದ ರೂಪ ಕಂಡವು. ಮುಂದೆ ಊರಿಗೆ ಮರಳಿದ ಮೇಲೆ 1860ರ ದಶಕದಲ್ಲಿ ಕೆಲವು ಪದಗಳನ್ನು ಜರ್ಮನ್‌ಗೂ ಅನುವಾದಿಸಿ ಅಲ್ಲಿನ ವಿದ್ವಾಂಸರ ಪತ್ರಿಕೆಯಲ್ಲಿ ಪ್ರಕಟಿಸಿದರು. ತನ್ನ ಧರ್ಮವನ್ನು ಸಾರಲು ಬಂದ ಪಾದ್ರಿ ಇನ್ನೊಂದು ಧರ್ಮದ ಭಕ್ತಿಗೀತೆಯ ಬೆಲೆ ಕಂಡದ್ದು ಸಣ್ಣ ಸಂಗತಿಯಲ್ಲ.

ಆದರೆ ಅಚ್ಚಾದದ್ದು ಮಾತು ಮಾತ್ರ. ಮಾತಿಗೆ ಲಿಪಿ ಇತ್ತು, ಹಾಡಿಕೆಗೆ ಇರಲಿಲ್ಲ. ಒಂದು ಪದವನ್ನು ಯಾರು ಹೇಗೆ ಹಾಡುತ್ತಿದ್ದರು ಎಂಬುದು ಗಾಳಿಯಲ್ಲೇ ಹೋಯಿತು. ಇವತ್ತು ಒಂದೇ ದಾಸರ ಪದ ಒಬ್ಬರ ಬಾಯಲ್ಲಿ ಒಂದು ರಾಗ, ಇನ್ನೊಬ್ಬರ ಬಾಯಲ್ಲಿ ಮತ್ತೊಂದು. "ಮೂಲ ಮಟ್ಟು ಇದೇ" ಅಂತ ಯಾರಾದರೂ ಗಟ್ಟಿಯಾಗಿ ಹೇಳಿದರೆ ಸ್ವಲ್ಪ ಅನುಮಾನದಿಂದಲೇ ಕೇಳಿ.

ಹಾಡಿಕೆಯ ಕಡೆಗೂ ಕಿವಿ ಕೊಟ್ಟವರು ಫರ್ಡಿನಂಡ್ ಕಿಟ್ಟೆಲ್. ನಿಘಂಟಿನ ಕಿಟ್ಟೆಲ್ ಅವರೇ. 1853ರಲ್ಲಿ ಬಂದವರು. ಇವರು ಉತ್ತರ ಜರ್ಮನಿಯವರು, ಆದ್ದರಿಂದ ಮಿಶನ್‌ನೊಳಗೂ ಸ್ವಲ್ಪ ಹೊರಗಿನವರೇ. ಕನ್ನಡದ ಜತೆಗೆ ಇಲ್ಲಿನ ನಡೆನುಡಿ, ಸಂಗೀತ ಎಲ್ಲವನ್ನೂ ಕಲಿಯಲು ಹೊರಟರು. ಅದಕ್ಕೆ ತಮ್ಮವರಿಂದಲೇ ಟೀಕೆಯನ್ನೂ ಎದುರಿಸಬೇಕಾಯಿತು. 1862ರಲ್ಲಿ ಅವರ 'ಕಥಾಮಾಲೆ' ಬಂತು. ಯೇಸುವಿನ ಕಥೆ, ಆದರೆ ಇಲ್ಲಿನ ಹಾಡಿನ ಧಾಟಿಯಲ್ಲಿ. ಬಲ್ಮಠದಲ್ಲಿ ಇಗರ್ಜಿ ಎದ್ದ ವರ್ಷವೇ ಈ ಪುಸ್ತಕವೂ ಬಂತು ಅನ್ನುವುದು ನನಗೆ ಬಹಳ ಇಷ್ಟವಾದ ಕಾಕತಾಳೀಯ. ಮುಂದೆ 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿದರು. 1894ರಲ್ಲಿ ಸುಮಾರು 70 ಸಾವಿರ ಪದಗಳ ನಿಘಂಟು ಮಂಗಳೂರಿನಲ್ಲೇ ಅಚ್ಚಾಯಿತು.

ಕಿಟ್ಟೆಲರೂ ಉಳಿದವರ ಹಾಗೆ ಜರ್ಮನ್ ಹಾಡು ಕೇಳಿಯೇ ಬೆಳೆದವರು ತಾನೇ? ರುಚಿ ಅನ್ನುವುದು ಹುಟ್ಟಿನಿಂದ ಬಂದು ಗಟ್ಟಿಯಾಗಿ ಕೂತ ಸಂಗತಿಯಾಗಿದ್ದರೆ ಅವರೂ ದ್ಯುಬುವಾ ಹಾಗೆಯೇ ತೀರ್ಪು ಕೊಟ್ಟು ಸುಮ್ಮನಾಗಬೇಕಿತ್ತು. ಆಗಲಿಲ್ಲ. ಅವರು ಕಲಿತರು. ನಾವು 'ರುಚಿ' ಎನ್ನುವುದರ ಬಹುಪಾಲು ಅಭ್ಯಾಸ. ಅಭ್ಯಾಸವನ್ನು ಬೆಳೆಸಿಕೊಳ್ಳಬಹುದು.

ಆ ಕಾಲದಲ್ಲೇ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಎಲ್ಲಿಸ್ ಎಂಬವರು ಇದೇ ಪ್ರಶ್ನೆಯನ್ನು ಲೆಕ್ಕದ ಕಡೆಯಿಂದ ಹಿಡಿದರು. ಒಂದು ಸ್ಥಾಯಿಯನ್ನು 1200 'ಸೆಂಟ್'ಗಳಾಗಿ ಭಾಗ ಮಾಡಿ, ಹಿಪ್ಕಿನ್ಸ್ ಎಂಬ ತಜ್ಞರ ಕಿವಿಯ ನೆರವು ಪಡೆದು, ಭಾರತವೂ ಸೇರಿ ಹಲವು ದೇಶಗಳ ವಾದ್ಯಗಳ ಸ್ವರಗಳನ್ನು ಅಳೆದರು. 1885ರಲ್ಲಿ ಅವರು ಕೊಟ್ಟ ತೀರ್ಮಾನ: ಪ್ರಕೃತಿಯೇ ಕೊಟ್ಟ ಒಂದೇ ಒಂದು ಸ್ವರಶ್ರೇಣಿ ಅಂತ ಇಲ್ಲ, ಜನ ಬೇರೆ ಬೇರೆ ಬಗೆಯಲ್ಲಿ ಕಟ್ಟಿಕೊಂಡಿದ್ದಾರೆ. ಅಂದರೆ ಅಳತೆ ಸಾಧ್ಯ, ಆದರೆ ಯಾವುದಕ್ಕೆ ಹೋಲಿಸಿ ಸರಿ-ತಪ್ಪು ಹೇಳಬೇಕು ಅನ್ನುವುದನ್ನು ಅಳತೆಗೋಲು ಹೇಳುವುದಿಲ್ಲ. ಶುದ್ಧ ಅನುಪಾತದ ಅಂತರ ಗಾಂಧಾರ 386 ಸೆಂಟ್, ಪಿಯಾನೋದ್ದು 400. ತಂಬೂರಿ ಇಟ್ಟುಕೊಂಡು ಹಾಡುವವರಿಗೆ ಈ 14 ಸೆಂಟ್ ಚುಚ್ಚುತ್ತದೆ, ಪಿಯಾನೋದವರಿಗೆ ಚುಚ್ಚುವುದೇ ಇಲ್ಲ.

ನಮ್ಮ ಶಾಸ್ತ್ರಕಾರರಂತೂ ಮೊದಲೇ ಪಟ್ಟಿ ಮಾಡಿಟ್ಟಿದ್ದರು. 13ನೇ ಶತಮಾನದ ಶಾರ್ಙ್ಗದೇವ 'ಸಂಗೀತರತ್ನಾಕರ'ದಲ್ಲಿ ಹಾಡುಗಾರರ 25 ದೋಷಗಳನ್ನು ಹೇಳುತ್ತಾನೆ. ತಾಳ ತಪ್ಪುವುದು, ಅಪಸ್ವರ, ಮಾತು ಅಸ್ಪಷ್ಟವಾಗುವುದು, ಮೂಗಿನಲ್ಲಿ ಹಾಡುವುದು... ಇವೆಲ್ಲ ಸರಿ. ಅದೇ ಪಟ್ಟಿಯಲ್ಲಿ 'ನಿಮೀಲಕ' ಅಂತ ಒಂದಿದೆ, ಕಣ್ಣು ಮುಚ್ಚಿ ಹಾಡುವವನು! ಇವತ್ತು ಕಣ್ಣು ಮುಚ್ಚಿದರೆ "ಆಹಾ, ಎಂಥ ತನ್ಮಯತೆ" ಅನ್ನುತ್ತೇವೆ :) ತಾಳ ತಪ್ಪುವುದು ಆಗಲೂ ದೋಷ, ಈಗಲೂ ದೋಷ. ಕಣ್ಣು ಮುಚ್ಚುವುದು ಆ ಕಾಲದ ಸಭಾಮರ್ಯಾದೆ. ಒಂದೇ ಪಟ್ಟಿಯಲ್ಲಿ ಎರಡು ಜಾತಿಯ ತೀರ್ಪುಗಳು.

ಕೊನೆಗೆ ಎರಡು ವಾದ್ಯಗಳ ಕಥೆ ಹೇಳಿ ಮುಗಿಸುತ್ತೇನೆ. ಯುರೋಪಿನಿಂದ ಬಂದ ಹಾರ್ಮೋನಿಯಂ ಅನ್ನು ಆಕಾಶವಾಣಿ 1940ರಲ್ಲಿ ನಿಷೇಧಿಸಿತು. ಸುಮಾರು ಮೂರು ದಶಕ ಆ ನಿಷೇಧ ನಡೆಯಿತು. ಇದಕ್ಕೆ ಮೊದಲು ವಾದ ಹೂಡಿದವರಲ್ಲಿ ದೆಹಲಿ ಕೇಂದ್ರದಲ್ಲಿದ್ದ ಜಾನ್ ಫೋಲ್ಡ್ಸ್ ಎಂಬ ಇಂಗ್ಲಿಷ್ ಸಂಗೀತಗಾರರೂ ಇದ್ದರು ಅನ್ನುವುದೇ ತಮಾಷೆ. ಇಟ್ಟ ಸ್ವರದಿಂದ ಅಲುಗದ ಮನೆಗಳಿಂದ ಗಮಕ ಬರುವುದಿಲ್ಲ ಅನ್ನುವುದು ಮುಖ್ಯ ಆಕ್ಷೇಪ. ಯಕ್ಷಗಾನದಲ್ಲಿ ಅದೇ ಹಾರ್ಮೋನಿಯಂ ಶ್ರುತಿಗೆ ನಿಂತರೆ ಆ ಆಕ್ಷೇಪ ಹುಟ್ಟುವುದೇ ಇಲ್ಲ. ಅಲ್ಲಿ ಅದರ ಕೆಲಸವೇ ಅಲುಗದೆ ನಿಲ್ಲುವುದು.

ಇನ್ನೊಂದು ಸ್ಯಾಕ್ಸೋಫೋನ್. ಬಲ್ಮಠದಿಂದ ಅಷ್ಟೇನೂ ದೂರವಲ್ಲದ ಕದ್ರಿಯ ಹೆಸರನ್ನು ಲೋಕಕ್ಕೆಲ್ಲ ಹರಡಿದ ಕದ್ರಿ ಗೋಪಾಲನಾಥರು ಬಂಟ್ವಾಳ ತಾಲೂಕಿನ ಸಜಿಪಮೂಡದವರು, 1949ರಲ್ಲಿ ಹುಟ್ಟಿದವರು. ತಂದೆ ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೋಫೋನಿಗೆ ಮರುಳಾಗಿ, ವರ್ಷಗಟ್ಟಲೆ ಬೆವರು ಹರಿಸಿ, ಅದರಿಂದ ಗಮಕ ಹೊರಡಿಸಿದರು. "ಬ್ಯಾಂಡ್ ಸೆಟ್ಟಿನ ವಾದ್ಯದಲ್ಲಿ ಕರ್ನಾಟಕ ಸಂಗೀತವೇ?" ಎಂಬ ಪ್ರಶ್ನೆ ಸಹಜವಾಗಿತ್ತು. ಉತ್ತರ ವಾದದಿಂದ ಬರಲಿಲ್ಲ, ಕಛೇರಿಯಿಂದ ಬಂತು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ ಬಿಬಿಸಿ ಪ್ರೊಮೆನೇಡ್ ಕಛೇರಿಯಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಬಂತು. 2019ರಲ್ಲಿ ಮಂಗಳೂರಿನಲ್ಲೇ ತೀರಿಕೊಂಡರು.

ಎರಡೂ ಪರದೇಶದ ವಾದ್ಯ. ಎರಡಕ್ಕೂ ಹಿಡಿದ ಅಳತೆಗೋಲು ಒಂದೇ, ಗಮಕ. ಒಂದು ಸೋತಿತು, ಒಂದು ಗೆದ್ದಿತು. ಬರೀ ರುಚಿಯ ಮಾತಾಗಿದ್ದರೆ ಈ ವ್ಯತ್ಯಾಸಕ್ಕೆ ಕಾರಣ ಹೇಳಲು ಬರುತ್ತಿರಲಿಲ್ಲ.

ಹಾಗಾಗಿ ನನ್ನ ಲೆಕ್ಕ ಇಷ್ಟು. ಒಂದು ಸಂಗೀತದ ಒಳಗೆ ನಿಂತು, ಅದು ಏನು ಮಾಡಲು ಹೊರಟಿದೆ ಎಂದು ತಿಳಿದು, ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳುವುದು ಖಂಡಿತ ಸಾಧ್ಯ, ಕಾರಣ ಕೊಟ್ಟು ಹೇಳುವುದೂ ಸಾಧ್ಯ. ಒಂದು ಸಂಗೀತದ ಗೋಲು ಹಿಡಿದು ಇನ್ನೊಂದನ್ನು ಅಳೆಯಲು ಹೋದರೆ ಬರುವುದು ಇಲ್ಲದ್ದರ ಪಟ್ಟಿ ಮಾತ್ರ. ಇನ್ನು ಒಪ್ಪವಾಗಿ ಹಾಡಿದ ಇಬ್ಬರಲ್ಲಿ ಒಬ್ಬರು ಮಾತ್ರ ನನ್ನ ಕಣ್ಣಲ್ಲಿ ನೀರು ತರಿಸಿದರೆ ಅದು ನನ್ನ ಪಾಲು, ಅದಕ್ಕೆ ಯಾವ ಶಾಸ್ತ್ರದ ಸಹಿಯೂ ಬೇಡ.

"ನನಗೆ ಇಷ್ಟವಾಗಲಿಲ್ಲ" ಅನ್ನುವುದಕ್ಕೂ "ಅದು ಚೆನ್ನಾಗಿಲ್ಲ" ಅನ್ನುವುದಕ್ಕೂ ನಡುವೆ ಒಂದಷ್ಟು ದಾರಿ ಇದೆ. ಕಿಟ್ಟೆಲ್ ಆ ದಾರಿ ನಡೆದರು, ದ್ಯುಬುವಾ ನಡೆಯಲಿಲ್ಲ. ಅಷ್ಟೇ ವ್ಯತ್ಯಾಸ.

ನೀವೇನಂತೀರಿ? ಮೊದಲು ಕಿವಿಗೆ ಒಗ್ಗದೆ, ಆಮೇಲೆ ಬಿಡಲಾರದಂತೆ ಹಿಡಿದುಕೊಂಡ ಸಂಗೀತ ನಿಮಗೆ ಯಾವುದು? ಬರೆಯಿರಿ, ಓದುವ ಆಸೆ ಇದೆ.