ಪ್ರತಿಭಾವಂತ, ತೀವ್ರಭಾವದ ಮಕ್ಕಳ ಪಾಲನೆ (ಅಂಧೇರಿ, ಮುಂಬೈ)

ಕೆಲವು ಮಕ್ಕಳಿಗೆ ವಯಸ್ಸಿಗೆ ಮೀರಿದ ಗ್ರಹಣಶಕ್ತಿ ಇರುತ್ತದೆ. ಅಳು, ಸಿಟ್ಟು, ಭಯ, ಸಂತೋಷಗಳೂ ಅಷ್ಟೇ ಜೋರಾಗಿರುತ್ತವೆ. ಅಂಥ ಮಕ್ಕಳನ್ನು ಬೆಳೆಸುವ ಬಗೆಯನ್ನು ಇಲ್ಲಿ ಮುಂಬೈಯ ಉಪನಗರ ಅಂಧೇರಿಯ, ಮುಖ್ಯವಾಗಿ ಅಲ್ಲಿನ ಕನ್ನಡ ಮತ್ತು ತುಳು ಮನೆಗಳ ಹಿನ್ನೆಲೆಯಲ್ಲಿ ನೋಡಲಾಗಿದೆ. ಬುದ್ಧಿ ಎಷ್ಟೇ ಮುಂದೆ ಓಡಿದರೂ ಭಾವನೆಯನ್ನು ಹಿಡಿತದಲ್ಲಿಡುವ ಶಕ್ತಿ ಮಗುವಿನ ನಿಜವಾದ ವಯಸ್ಸಿನದೇ ಆಗಿರುತ್ತದೆ. ಏಳು ವರ್ಷದವನು ಕಪ್ಪುರಂಧ್ರದ ಬಗ್ಗೆ ಹೈಸ್ಕೂಲು ಹುಡುಗನಂತೆ ಮಾತಾಡಿ, ಹತ್ತು ನಿಮಿಷ ಕಳೆಯುವುದರೊಳಗೆ ದೋಸೆ ಹರಿದು ಬಂತೆಂದು ನೆಲಕ್ಕೆ ಬಿದ್ದು ಅಳುತ್ತಾನೆ. ಪಾಲಕರು ತಪ್ಪುವುದು ಇಲ್ಲೇ: ಮಾತು ಕೇಳಿ ದೊಡ್ಡವನೆಂದುಕೊಳ್ಳುತ್ತಾರೆ, ಅತ್ತಾಗ ಹಠಮಾರಿಯೆಂದು ಗದರುತ್ತಾರೆ.

ಬುದ್ಧಿ ಹೆಚ್ಚಿದ್ದವರೆಲ್ಲ ಭಾವುಕರೇ ಎಂದು ಹೇಳಲು ಬರುವುದಿಲ್ಲ. ಪೋಲೆಂಡಿನ ಮನೋವೈದ್ಯ ಕಾಜಿಮಿಯೆಷ್ ದಾಂಬ್ರೋವ್ಸ್ಕಿ (1902–1980) ಚಲನೆ, ಇಂದ್ರಿಯ, ಬುದ್ಧಿ, ಕಲ್ಪನೆ, ಭಾವನೆ ಎಂಬ ಐದು ಬಗೆಯ ಅತಿಸ್ಪಂದನಗಳನ್ನು ಗುರುತಿಸಿದ. ಈ ಕ್ಷೇತ್ರದ ಬಹುಪಾಲು ಬರಹಗಳು ಅವನ ಮಾತನ್ನೇ ಆಧರಿಸಿವೆ. ಆದರೆ ಅಮೆರಿಕದಲ್ಲಿ ಮನೋವಿಜ್ಞಾನಿ ಲೂಯಿಸ್ ಟರ್ಮನ್ 1921ರಲ್ಲಿ ಆರಂಭಿಸಿ ಸಾವಿರದ ಐನೂರಕ್ಕೂ ಹೆಚ್ಚು ಪ್ರತಿಭಾವಂತ ಮಕ್ಕಳನ್ನು ದಶಕಗಟ್ಟಲೆ ಗಮನಿಸಿದಾಗ, ಅವರು ಒಟ್ಟಾರೆ ಇತರರಿಗಿಂತ ದುರ್ಬಲ ಮನಸ್ಸಿನವರಲ್ಲ ಎಂದು ಕಂಡುಬಂತು. ಬುದ್ಧಿಸೂಚ್ಯಂಕ 180 ದಾಟಿದ ಕೆಲವೇ ಮಕ್ಕಳನ್ನು ಹತ್ತಿರದಿಂದ ಕಂಡ ಮನೋವಿಜ್ಞಾನಿ ಲೀಟಾ ಹಾಲಿಂಗ್‌ವರ್ತ್‌ಗೆ ಮಾತ್ರ ಒಂಟಿತನ ಎದ್ದು ಕಂಡಿತು: ಅಂಥ ಮಗುವಿಗೆ ತನ್ನ ಆಟವನ್ನು ಅರ್ಥಮಾಡಿಕೊಳ್ಳುವ ಓರಗೆಯವರೇ ಸಿಗುವುದಿಲ್ಲ. ಹೀಗಾಗಿ ತೀವ್ರಭಾವವನ್ನು ಪ್ರತಿಭೆಯ ಪ್ರಮಾಣಪತ್ರವೆಂದು ನಂಬುವುದು ತಪ್ಪು. ಎರಡೂ ಒಂದೇ ಮಗುವಿನಲ್ಲಿ ಕೂಡಿದಾಗ ಏನು ಮಾಡಬೇಕೆಂಬುದೇ ಇಲ್ಲಿನ ವಿಚಾರ.

ಬುದ್ಧಿಯನ್ನು ಅಳೆಯುವ ಕೆಲಸದ ಭಾರತೀಯ ಇತಿಹಾಸದಲ್ಲಿ ಕನ್ನಡ ಮಕ್ಕಳಿಗೆ ಆರಂಭದಲ್ಲೇ ಜಾಗವಿದೆ. ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ, ಧಾರವಾಡ ಸೀಮೆ ಮುಂಬೈ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಇಂದಿಗೂ ಆಸ್ಪತ್ರೆ, ಕ್ಲಿನಿಕ್‌ಗಳಲ್ಲಿ ಬಳಕೆಯಲ್ಲಿದೆ. ಎಂಟು ವರ್ಷದ ಮಗು ಹನ್ನೆರಡು ವರ್ಷದವರಿಗೆ ತಕ್ಕ ಪ್ರಶ್ನೆಗಳನ್ನು ಬಿಡಿಸಿದರೆ ಹನ್ನೆರಡನ್ನು ಎಂಟರಿಂದ ಭಾಗಿಸಿ ನೂರರಿಂದ ಗುಣಿಸುತ್ತಾರೆ, ಬುದ್ಧಿಸೂಚ್ಯಂಕ 150 ಬರುತ್ತದೆ. ಇಂದಿನ ಇತರ ಪರೀಕ್ಷೆಗಳಲ್ಲಿ 130 ದಾಟುವವರು ನೂರಕ್ಕೆ ಸುಮಾರು ಇಬ್ಬರು. ಹಾಗಾಗಿ ಬಿನೆ–ಕಾಮತ್ ಅಂಕವನ್ನು ಎಚ್ಚರದಿಂದ ಓದಬೇಕು. ಹಳೆಯ ಮಾನದಂಡದಲ್ಲಿ ಅಂಕ ಉಬ್ಬಬಹುದು. ಮನೆಯಲ್ಲಿ ತುಳು, ಕಟ್ಟಡದ ಕೆಳಗೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಎಂದು ಬೆಳೆಯುವ ಅಂಧೇರಿಯ ಮಗು ಮಾತಿನ ಪ್ರಶ್ನೆಗಳಲ್ಲಿ ತನ್ನ ಶಕ್ತಿಗಿಂತ ಕೆಳಗೆ ನಿಲ್ಲಲೂಬಹುದು. ಅಂಥವರಿಗೆ ಚಿತ್ರವಿನ್ಯಾಸಗಳನ್ನಷ್ಟೇ ಬಳಸುವ ರೇವನ್ ಪರೀಕ್ಷೆಯನ್ನೂ ಮಾಡಿಸುವುದು ಒಳ್ಳೆಯದು. ಮಗು ಸೋಲನ್ನು ಹೇಗೆ ತಾಳುತ್ತದೆ ಎಂಬುದನ್ನು ಇವ್ಯಾವುವೂ ಹೇಳುವುದಿಲ್ಲ.

ಅಂಧೇರಿಯಲ್ಲಿ ಈ ಪಾಲನೆಗೆ ಎದುರಾಗುವ ಮೊದಲ ತೊಡಕು ಜಾಗದ್ದು. ಒಂದು ಬೆಡ್‌ರೂಮಿನ ಮನೆಯಲ್ಲಿ ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಊರಿಂದ ಬಂದ ಅಜ್ಜಿ. ಅಳುವ ಮಗುವನ್ನು ಸ್ವಲ್ಪ ಹೊತ್ತು ಒಬ್ಬನೇ ಬಿಡೋಣವೆಂದರೆ ಬಿಡಲು ಇನ್ನೊಂದು ಕೋಣೆಯಿಲ್ಲ. ಪಕ್ಕದ ಮನೆಯವರಿಗೆ ಕೇಳಿಸೀತೆಂಬ ನಾಚಿಕೆಗೆ ಅಮ್ಮನ ದನಿಯೂ ಏರುತ್ತದೆ. ಎರಡನೆಯದು ಸದ್ದು. ಆಜಾದ್ ನಗರದ ಅಂಧೇರಿಚಾ ರಾಜಾ ಗಣಪತಿಯನ್ನು ಅನಂತ ಚತುರ್ದಶಿಯಂದು ವಿಸರ್ಜಿಸುವುದಿಲ್ಲ, ಸಂಕಷ್ಟಿಯವರೆಗೆ ಇಟ್ಟು ಆಮೇಲೆ ವರ್ಸೋವಾಕ್ಕೆ ಒಯ್ಯುತ್ತಾರೆ. ಊರಿಗೆಲ್ಲ ಹಬ್ಬ ಮುಗಿದರೂ ಇಲ್ಲಿ ಢೋಲು ಮುಗಿದಿರುವುದಿಲ್ಲ. ಸದ್ದಿಗೆ ಬೆಚ್ಚುವ ಮಗುವಿಗೆ ಆ ವಾರಗಳು ಕಠಿಣ. ಅದನ್ನು ಮೆರವಣಿಗೆಗೆ ಬಲವಂತವಾಗಿ ಎಳೆದೊಯ್ದು ರೂಢಿ ಮಾಡಿಸುವುದೂ ಬೇಡ, ಕಿಟಕಿ ಮುಚ್ಚಿ ಹಬ್ಬದಿಂದಲೇ ದೂರವಿಡುವುದೂ ಬೇಡ. ಬೆಳಿಗ್ಗೆ ಜನ ಕಡಿಮೆಯಿರುವಾಗ ದರ್ಶನ ಮಾಡಿಸಿ, ಮೆರವಣಿಗೆ ಯಾವ ದಿನ, ಯಾವ ದಾರಿಯಲ್ಲಿ ಬರುತ್ತದೆಂದು ಮೊದಲೇ ಹೇಳಿಟ್ಟರೆ ಅರ್ಧ ಭಯ ಇಳಿಯುತ್ತದೆ.

ಹಿರಿಯರ ದೃಷ್ಟಿ ಬೇರೆ, ಅದಕ್ಕೆ ಕಾರಣವೂ ಇದೆ. ಮುಂಬೈಯ ತುಳು–ಕನ್ನಡ ಸಮಾಜದ ಹಿಂದಿನ ತಲೆಮಾರಿನ ಹಲವರು ಓದಿದ್ದು ರಾತ್ರಿಶಾಲೆಗಳಲ್ಲಿ. 1902ರಲ್ಲಿ ಹುಟ್ಟಿದ, ಇಂದು ಅಂಧೇರಿ ಪಶ್ಚಿಮದಲ್ಲಿ ಶಿಕ್ಷಣ ಸಂಸ್ಥೆಗಳನ್ನು ನಡೆಸುತ್ತಿರುವ ಮೊಗವೀರ ವ್ಯವಸ್ಥಾಪಕ ಮಂಡಳಿಯೂ ಅಂಥ ರಾತ್ರಿಶಾಲೆಯನ್ನು ನಡೆಸಿತ್ತು. ಹಗಲಿಡೀ ಹೋಟೆಲಿನಲ್ಲಿ ಕಪ್ಪು–ಬಸಿ ತೊಳೆದು ರಾತ್ರಿ ಪುಸ್ತಕ ಹಿಡಿದ ಅಜ್ಜನಿಗೆ, ಅಂಗಿಯ ಕಾಲರಿನ ಚೀಟಿ ಚುಚ್ಚುತ್ತದೆಂದು ಶಾಲೆಗೆ ಹೊರಡದೆ ಅಳುವ ಮೊಮ್ಮಗ ಅರ್ಥವಾಗುವುದು ಕಷ್ಟ. ‘ಮುದ್ದು ಜಾಸ್ತಿ ಆಯ್ತು ಮಾರಾಯ್ತಿ’ ಎಂದು ಸೊಸೆಗೆ ಅನ್ನುತ್ತಾರೆ. ಅಜ್ಜಿ ಉಪ್ಪು–ಮೆಣಸು ನಿವಾಳಿಸಿ ದೃಷ್ಟಿ ತೆಗೆಯುತ್ತಾರೆ. ಮಗು ಆ ಹೊತ್ತಿಗೆ ಸುಮ್ಮನಾಗುವುದೂ ಉಂಟು. ಒಬ್ಬರು ಪೂರ್ತಿ ಗಮನ ಕೊಟ್ಟು, ಅವಸರವಿಲ್ಲದೆ ಎದುರಿಗೆ ಕೂತಿದ್ದರಿಂದ ಬಂದ ಶಾಂತಿ ಅದು. ಚೀಟಿಯನ್ನು ಕತ್ತರಿಸಿ ತೆಗೆದರೆ ಸಾಕು. ಅದು ಮುದ್ದು ಮಾಡಿ ಕೆಡಿಸಿದಂತಲ್ಲ.

ಮನೆಯಲ್ಲಿ ಪದೇಪದೇ ಕಾಣುವ ಇನ್ನೊಂದು ಸಂಗತಿ ತಪ್ಪಿನ ಭಯ. ಮಗು ನವಿಲು ಬರೆಯಲು ಕೂರುತ್ತದೆ. ಕತ್ತು ಮನಸ್ಸಿನಲ್ಲಿದ್ದ ಹಾಗೆ ಬರುವುದಿಲ್ಲ. ಅಳಿಸುತ್ತದೆ, ಬರೆಯುತ್ತದೆ, ಮತ್ತೆ ಅಳಿಸುತ್ತದೆ. ಕಾಗದ ತೆಳ್ಳಗಾಗಿ ರಬ್ಬರಿನ ಕೆಳಗೆ ತೂತು ಬೀಳುತ್ತದೆ. ಆಗ ಹಾಳೆ ಹರಿದು, ಪೆನ್ಸಿಲ್ ಗೋಡೆಗೆ ಹೊಡೆದು, ‘ನಾನು ದಡ್ಡ’ ಎಂದು ಕೂಗುತ್ತದೆ. ಕಣ್ಣಿಗೆ ಕಂಡದ್ದನ್ನು ಕೈ ಮಾಡಲಾರದು: ನೋಟ ಹನ್ನೆರಡು ವರ್ಷದವರದು, ಬೆರಳು ಏಳು ವರ್ಷದ್ದು. ಆ ಗಳಿಗೆಯಲ್ಲಿ ‘ಎಷ್ಟು ಚೆಂದ ಬಂದಿದೆ ನೋಡು’ ಎಂದರೆ ಮಗು ನಂಬುವುದಿಲ್ಲ, ಹೇಳಿದವರ ಮಾತಿನ ಮೇಲಿನ ವಿಶ್ವಾಸವೂ ಹೋಗುತ್ತದೆ. ಬುದ್ಧಿ ಹೇಳಲೂ ಅದು ಸಮಯವಲ್ಲ. ಮಾತು ಕಡಿಮೆ ಮಾಡಿ ಹತ್ತಿರ ಕೂರಬೇಕು. ಹೊಡೆಯುವ ಕೈಯನ್ನು ಮೆತ್ತಗೆ ಹಿಡಿಯಬೇಕು. ಕುಡಿಯಲು ನೀರು ಕೊಡಬೇಕು. ‘ಕತ್ತು ಬೇಕಾದ ಹಾಗೆ ಬರಲಿಲ್ಲ, ಸಿಟ್ಟು ಬಂತು’ ಎಂದು ಮಗುವಿನ ಪರವಾಗಿ ಒಂದು ಮಾತು ಆಡಿದರೆ ಸಾಕು. ಕತ್ತಿನ ತಿರುವನ್ನು ಬೇರೆ ಹಾಳೆಯಲ್ಲಿ ಅಭ್ಯಾಸ ಮಾಡುವುದು ಮರುದಿನದ ಕೆಲಸ. ಪೆನ್ಸಿಲ್ ಎಸೆದದ್ದು ತಪ್ಪೆಂಬುದನ್ನೂ ಮರುದಿನ ಹೇಳಲೇಬೇಕು. ಭಾವನೆಗೆ ಮಿತಿಯಿಲ್ಲದಿದ್ದರೂ ವರ್ತನೆಗೆ ಮಿತಿ ಇದೆಯೆಂದು ತಿಳಿಯುವುದು ಇಂಥ ಮಗುವಿಗೆ ನೆಮ್ಮದಿ ಕೊಡುತ್ತದೆ.

ಹೊಗಳುವ ರೀತಿಯೂ ಮುಖ್ಯ. ಮನೋವಿಜ್ಞಾನಿಗಳಾದ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ‘ಜಾಣ’ ಎನ್ನಿಸಿಕೊಂಡ ಮಕ್ಕಳು ಸೋತ ಮೇಲೆ ಬೇಗ ಕೈಚೆಲ್ಲಿದರು; ಶ್ರಮಕ್ಕೆ ಮೆಚ್ಚುಗೆ ಪಡೆದವರು ಕಠಿಣ ಸಮಸ್ಯೆಗಳನ್ನು ಬಿಡದೆ ಹಿಡಿದರು. ನೆಂಟರು ಬಂದಾಗ ಮಗುವನ್ನು ಕರೆದು ದೇಶಗಳ ರಾಜಧಾನಿ ಹೇಳಿಸುವ ವಾಡಿಕೆಯನ್ನು ಈ ಕಾರಣಕ್ಕೇ ಬಿಡಬೇಕು. ಪ್ರತಿಭೆ ಪ್ರದರ್ಶನವಾದರೆ ಬಾಲ್ಯ ಎಲ್ಲಿ ಹೋಗುತ್ತದೆಂದು ನೋಡಲು ಶಕುಂತಲಾ ದೇವಿಯವರ ಬದುಕಿದೆ. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರ ಅಂಕಿಗಳ ನೆನಪು ತಂದೆಗೆ ಇಸ್ಪೀಟಿನ ಆಟದಲ್ಲಿ ಗೊತ್ತಾಯಿತು. ಆಮೇಲೆ ತಂದೆ ಸರ್ಕಸ್ಸಿನ ಕೆಲಸ ಬಿಟ್ಟು ಮಗಳ ಪ್ರದರ್ಶನಗಳನ್ನು ಏರ್ಪಡಿಸಿದರು. ಆರನೆಯ ವಯಸ್ಸಿಗೆ ಆಕೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಲೆಕ್ಕ ಮಾಡಿ ತೋರಿಸಿದರು. 1980ರಲ್ಲಿ ಲಂಡನ್ನಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದ ಕೀರ್ತಿಯನ್ನು ಎಲ್ಲರೂ ಬಲ್ಲರು. ಆ ಹುಡುಗಿಗೆ ಶಾಲೆ ಸಿಗಲಿಲ್ಲ ಎಂಬುದನ್ನು ಅಷ್ಟೇ ಗಂಭೀರವಾಗಿ ನೆನೆಯಬೇಕು.

ಅಂಧೇರಿಯಲ್ಲಿ ಪ್ರದರ್ಶನದ ಜಾಗವನ್ನು ಕ್ಲಾಸುಗಳು ತುಂಬಿವೆ: ಅಬ್ಯಾಕಸ್, ಕೋಡಿಂಗ್, ಒಲಿಂಪಿಯಾಡ್. ಮುಂಬೈಯ ವಿಜ್ಞಾನ ಶಿಕ್ಷಕರ ಸಂಘ ಆರು ಮತ್ತು ಒಂಬತ್ತನೆಯ ತರಗತಿಯವರಿಗೆ ನಡೆಸುವ ಡಾ. ಹೋಮಿ ಭಾಭಾ ಬಾಲವೈಜ್ಞಾನಿಕ ಸ್ಪರ್ಧೆಯಲ್ಲಿ ಬರಹದ ಜೊತೆಗೆ ಪ್ರಯೋಗ, ಯೋಜನೆ, ಸಂದರ್ಶನಗಳೂ ಇರುವುದರಿಂದ ಅದು ಕುತೂಹಲಕ್ಕೆ ಒಳ್ಳೆಯ ಮೇವು. ತಯಾರಿಯ ಕ್ಲಾಸೇ ಮಗುವಿನ ಸಂಜೆಗಳನ್ನೆಲ್ಲ ತಿಂದರೆ ಆ ಲಾಭ ಉಳಿಯದು. ಸೋತರೆ ವಾರಗಟ್ಟಲೆ ಕುಗ್ಗುವ ಮಗುವಿಗೆ ಸ್ಪರ್ಧೆಗಿಂತ ಸಹವಾಸ ಮುಖ್ಯ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜುಹೂವಿನ ಪೃಥ್ವಿ ಥಿಯೇಟರಿನಲ್ಲಿ ಭಾನುವಾರ ನಡೆಸುತ್ತ ಬಂದಿರುವ ‘ಚಾಯ್ ಆ್ಯಂಡ್ ವೈ?’ ಮಾತುಕತೆ ಅಂಧೇರಿಗೆ ಹತ್ತಿರ. ಅಲ್ಲಿ ಅಂಕವಿಲ್ಲ, ಪ್ರಶ್ನೆ ಕೇಳಿದ್ದಕ್ಕೆ ಯಾರೂ ಗದರುವುದಿಲ್ಲ.

ಶಾಲೆಯ ವಿಷಯದಲ್ಲಿ ಕಾನೂನಿನ ಬಲ ಕಡಿಮೆ. 2009ರ ಶಿಕ್ಷಣ ಹಕ್ಕು ಕಾಯ್ದೆ ವಯಸ್ಸಿಗೆ ತಕ್ಕ ತರಗತಿಯನ್ನೇ ನೆಚ್ಚಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿಭಾವಂತರಿಗೆ ಬೆಂಬಲ ಬೇಕೆಂದಿದ್ದರೂ ಅದು ತರಗತಿಯೊಳಗೆ ಹೇಗಿರಬೇಕೆಂಬುದು ಶಿಕ್ಷಕರ ಪಾಲಿಗೇ ಉಳಿದಿದೆ. 1962ರಲ್ಲಿ ಹುಟ್ಟಿದ ಪುಣೆಯ ಜ್ಞಾನಪ್ರಬೋಧಿನಿ ಪ್ರತಿಭಾವಂತರನ್ನು ಬೆಳೆಸುವ ಕೆಲಸವನ್ನು ದಶಕಗಳಿಂದ ಮಾಡುತ್ತಿದೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯೂ ಇಂಥ ಮಕ್ಕಳನ್ನು ಗುರುತಿಸುವ ಕಾರ್ಯಕ್ರಮ ನಡೆಸಿದೆ. ಮುಂಬೈಯ ಮಾಳವಿಕಾ ಜೋಶಿ ಹೈಸ್ಕೂಲು ಓದದೆ ಮನೆಯಲ್ಲೇ ಕಲಿತು, ಕಂಪ್ಯೂಟರ್ ಒಲಿಂಪಿಯಾಡಿನಲ್ಲಿ ಮೂರು ಪದಕ ಗೆದ್ದು 2016ರಲ್ಲಿ ಅಮೆರಿಕದ ಎಂಐಟಿ ಸೇರಿದಾಗ ಹಲವು ಪಾಲಕರು ಆ ದಾರಿಯತ್ತ ನೋಡಿದರು. ಅದಕ್ಕಾಗಿ ತಾಯಿ ಕೆಲಸವನ್ನೇ ಬಿಟ್ಟಿದ್ದರು. ಸಾಲದ ಕಂತು ಕಟ್ಟುವ ಹೆಚ್ಚಿನ ಮನೆಗಳಿಗೆ ಇದು ಸಾಧ್ಯವಾಗದ ಮಾತು. ಅಂಥ ಮನೆಗಳ ಪಾಲಕರು ಮಾಡಬಹುದಾದದ್ದು ತರಗತಿ ಶಿಕ್ಷಕಿಯನ್ನು ಒಮ್ಮೆ ಶಾಂತವಾಗಿ ಕಂಡು, ಬೇಗ ಮುಗಿಸಿದ ಮಗುವಿಗೆ ಅದೇ ಲೆಕ್ಕವನ್ನು ಇನ್ನಷ್ಟು ಕೊಡುವ ಬದಲು ಬೇರೆ ಬಗೆಯ ಲೆಕ್ಕ ಕೊಡಿರೆಂದು ಕೇಳುವುದು.

ಪ್ರತಿಭೆಯ ಜೊತೆಗೆ ಕಲಿಕಾ ನ್ಯೂನತೆ ಅಥವಾ ಗಮನದ ತೊಂದರೆಯೂ ಇರಬಹುದು. ಒಂದು ಇನ್ನೊಂದನ್ನು ಮರೆಮಾಡುತ್ತದೆ. ಇಷ್ಟೊಂದು ಮಾತಾಡುವವನು ಯಾಕೆ ಬರೆಯುವುದಿಲ್ಲ ಎಂಬ ದೂರು ಬಂದಾಗ ಸೋಮಾರಿ ಎನ್ನುವ ಮೊದಲು ಪರೀಕ್ಷೆ ಮಾಡಿಸಬೇಕು. ಮಹಾರಾಷ್ಟ್ರದಲ್ಲಿ ಕಲಿಕಾ ನ್ಯೂನತೆಯ ಮಕ್ಕಳಿಗೆ ಬೋರ್ಡ್ ಪರೀಕ್ಷೆಯ ರಿಯಾಯಿತಿ 1996ರಿಂದ ಇದೆ, ನಗರದ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಮಾಣಪತ್ರ ಸಿಗುತ್ತದೆ. ದೇಶದ ಮೊದಲ ಮಕ್ಕಳ ಮಾರ್ಗದರ್ಶನ ಕ್ಲಿನಿಕ್ 1937ರಲ್ಲಿ ಆರಂಭವಾದದ್ದೂ ಈ ನಗರದಲ್ಲೇ, ಈಗಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ. ನಿದ್ದೆ, ಊಟ ಕೆಟ್ಟರೆ, ಶಾಲೆ ಬೇಡವೆಂಬ ಹಠ ವಾರಗಟ್ಟಲೆ ನಿಂತರೆ ವೈದ್ಯರನ್ನು ಕಾಣಬೇಕು. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬಾರದು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು.