‘ಇಲ್ಲಿ ಕಸ ಹಾಕಬೇಡಿ’ ಬೋರ್ಡಿನ ಬುಡದಲ್ಲೇ ಕಸ ಯಾಕೆ?

ಮಹಾಂತೇಶ ನಗರದ ನಮ್ಮ ಓಣಿಯ ತಿರುವಿನಲ್ಲಿ ಒಂದು ಬೋರ್ಡಿದೆ: ‘ಇಲ್ಲಿ ಕಸ ಹಾಕಬೇಡಿ, ಹಾಕಿದರೆ ದಂಡ.’ ಅದರ ಬುಡದಲ್ಲೇ ದಿನಾ ಕಸದ ಗುಡ್ಡೆ. ಒಮ್ಮೆ ಕ್ಯಾರಿಬ್ಯಾಗ್ ಒಗೆದು ಹೊರಟಿದ್ದ ಕಾಲೇಜು ಹುಡುಗನನ್ನು ತಡೆದು ಕೇಳಿದೆ. ‘ಎಲ್ಲಾರೂ ಒಗೀತಾರಲ್ರೀ’ ಅಂದ. ಆಗ ಅದು ಉಡಾಫೆ ಅನಿಸಿತ್ತು. ಆದರೆ ಮನಶ್ಶಾಸ್ತ್ರದ ಅಧ್ಯಯನಗಳು ಹೇಳುವುದೂ ಹೆಚ್ಚುಕಡಿಮೆ ಅದನ್ನೇ.

ಕಾಳಜಿಗೆ ಕೊರತೆಯಿಲ್ಲ

ಭಾರತವೂ ಸೇರಿದಂತೆ 10 ದೇಶಗಳಲ್ಲಿ 16ರಿಂದ 25 ವಯಸ್ಸಿನ 10,000 ಮಂದಿಯನ್ನು ಮಾತನಾಡಿಸಿದ ಸಮೀಕ್ಷೆಯೊಂದು 2021ರಲ್ಲಿ ‘ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್’ನಲ್ಲಿ ಪ್ರಕಟವಾಯಿತು. ಹವಾಮಾನ ಬದಲಾವಣೆ ಬಗ್ಗೆ ತುಂಬಾ ಚಿಂತೆಯಿದೆ ಎಂದವರು ಶೇ 59. ಅಂದರೆ ‘ಯುವಜನರಲ್ಲಿ ಜಾಗೃತಿ ಮೂಡಿಸಬೇಕು’ ಎಂಬ ವೇದಿಕೆ ಭಾಷಣ ಇಷ್ಟಕ್ಕೇ ಸಾಲದು. ಚಿಂತೆ ಇದ್ದರೂ ಅದು ಕೈಗೆ ಇಳಿಯುತ್ತಿಲ್ಲ.

ಕಣ್ಣಿಗೆ ಕಂಡದ್ದೇ ಪಾಠ

2008ರಲ್ಲಿ ನೆದರ್ಲೆಂಡ್ಸ್‌ನ ಗ್ರೋನಿಂಗೆನ್‌ನಲ್ಲಿ ಸಂಶೋಧಕರು ನಿಲ್ಲಿಸಿದ್ದ ಸೈಕಲ್‌ಗಳ ಹ್ಯಾಂಡಲ್‌ಗೆ ಕರಪತ್ರ ಸಿಕ್ಕಿಸಿದರು. ಪಕ್ಕದ ಗೋಡೆಯ ಮೇಲೆ ‘ಗೀಚಬಾರದು’ ಎಂಬ ಫಲಕವಿತ್ತು. ಗೋಡೆ ಸ್ವಚ್ಛವಿದ್ದಾಗ ಶೇ 33 ಮಂದಿ ಕರಪತ್ರವನ್ನು ಅಲ್ಲೇ ಬಿಸಾಡಿದರು. ಅದೇ ಗೋಡೆಯ ತುಂಬ ಗೀಚಿದ್ದಾಗ ಶೇ 69! ಯಾರೂ ಪಾಲಿಸದ ಫಲಕ ‘ಇಲ್ಲಿ ನಿಯಮ ನಡೆಯೋದಿಲ್ಲ’ ಎಂದೇ ಸಾರುತ್ತದೆ.

ಇದನ್ನು ತಿರುಗಿಸಿಯೂ ಬಳಸಬಹುದು. ಅಮೆರಿಕದ ಹೋಟೆಲೊಂದರಲ್ಲಿ ‘ಪರಿಸರಕ್ಕಾಗಿ ಟವೆಲ್ ಮತ್ತೆ ಬಳಸಿ’ ಎಂದಾಗ ಶೇ 37 ಅತಿಥಿಗಳು ಒಪ್ಪಿದರು. ‘ಇದೇ ಕೋಣೆಯಲ್ಲಿ ತಂಗಿದ್ದ ಹೆಚ್ಚಿನವರು ಮತ್ತೆ ಬಳಸಿದ್ದಾರೆ’ ಎಂದಾಗ ಶೇ 49. ಉಪದೇಶಕ್ಕಿಂತ ನಮ್ಮಂಥವರ ನಡೆ ಹೆಚ್ಚು ನಾಟುತ್ತದೆ.

ಬೆಂಗಳೂರಿನಲ್ಲಿ 2010ರಿಂದ ‘ದಿ ಅಗ್ಲಿ ಇಂಡಿಯನ್’ ಗುಂಪು ಮಾಡುತ್ತಿರುವುದೂ ಇದನ್ನೇ. ಹೆಸರು ಹೇಳಿಕೊಳ್ಳದ ಸ್ವಯಂಸೇವಕರು ಕಸದ ಮೂಲೆಯನ್ನು ಗುಡಿಸಿ, ಗೋಡೆಗೆ ಬಣ್ಣ ಬಳಿದು, ಕುಂಡ ಇಡುತ್ತಾರೆ. ಭಾಷಣ ಇಲ್ಲ, ಬೈಗುಳ ಇಲ್ಲ.

ನಮ್ಮ ಓಣಿಗೆ ಏನು ಮಾಡಬಹುದು?

ಮೊದಲು ಮೂಲೆ ಸ್ವಚ್ಛ ಮಾಡಿ, ಬೋರ್ಡು ಆಮೇಲೆ. ಬೋರ್ಡಿನಲ್ಲಿ ಬೆದರಿಕೆ ಬದಲು ‘ಈ ಓಣಿಯ ಹೆಚ್ಚಿನ ಮನೆಯವರು ಕಸವನ್ನು ಗಾಡಿಗೇ ಕೊಡುತ್ತಾರೆ’ ಎಂದು ಬರೆಯಿರಿ. ಆದರೆ ಅದು ನಿಜವಾಗಿದ್ದರೆ ಮಾತ್ರ. ಸುಳ್ಳು ಹೇಳಿದರೆ ಮುಂದಿನ ಮಾತನ್ನೂ ಯಾರೂ ನಂಬುವುದಿಲ್ಲ. ಇನ್ನು ‘ಪ್ಲಾಸ್ಟಿಕ್ ಬಿಡುತ್ತೇನೆ’ ಎಂಬ ದೊಡ್ಡ ಪ್ರತಿಜ್ಞೆಗಿಂತ ‘ಸಂತೆಗೆ ಹೊರಡುವಾಗ ಬಾಗಿಲ ಮೊಳೆಯಲ್ಲಿರುವ ಕೈಚೀಲ ತಗೋತೀನಿ’ ಎಂಬ ಸಣ್ಣ ನಿಶ್ಚಯ ಹೆಚ್ಚು ಬಾಳುತ್ತದೆ.

ಆದರೆ ಹೊಣೆ ನಮ್ಮೊಬ್ಬರದೇ ಅಲ್ಲ

ಇಲ್ಲಿ ಹುಷಾರಾಗಿರಬೇಕು. ರೂಮ್ ಮಾಡಿಕೊಂಡಿರುವ ವಿದ್ಯಾರ್ಥಿ ಕ್ಲಾಸಿಗೆ ಹೋದ ಮೇಲೆ ಗಾಡಿ ಬಂದರೆ ಯಾವ ಮನಶ್ಶಾಸ್ತ್ರವೂ ಕೆಲಸ ಮಾಡದು. ಮನೆ ಮನೆಯಿಂದ ಕಸ ಸಂಗ್ರಹಿಸುವುದು ಘನತ್ಯಾಜ್ಯ ನಿಯಮಗಳ ಪ್ರಕಾರ ಸ್ಥಳೀಯ ಸಂಸ್ಥೆಯ ಕರ್ತವ್ಯ. ಕ್ಯಾರಿಬ್ಯಾಗ್‌ಗಳನ್ನು ಕರ್ನಾಟಕ 2016ರಲ್ಲೇ ನಿಷೇಧಿಸಿದೆ. ಆದರೂ ಆ ಹುಡುಗನ ಕೈಗೆ ಅದು ಅಂಗಡಿಯಲ್ಲೇ ಸಿಕ್ಕಿತ್ತು. ಬೆಳಗಾವಿಯ ಕಸ ಕೊನೆಗೆ ಸೇರುವುದು ತುರಮುರಿಗೆ. ನಾವು ಬೆರೆಸಿ ಕೊಟ್ಟದ್ದರ ಭಾರ ಹೊರುವುದು ಆ ಊರು.

ಹಾಗಾಗಿ ಓಣಿಯ ಮೂಲೆಗೆ ಕುಂಡ ಇಡೋಣ. ಜೊತೆಗೆ ನಮ್ಮ ವಾರ್ಡಿನ ಕಾರ್ಪೊರೇಟರ್‌ಗೆ ಒಂದು ಪ್ರಶ್ನೆಯನ್ನೂ ಇಡೋಣ: ‘ಗಾಡಿ ಎಷ್ಟು ಗಂಟೆಗೆ ಬರತೈತ್ರೀ?’