ಕಾದ ನೀರಿನ ಹದ

ಚಿತ್ರದುರ್ಗ ಜಿಲ್ಲೆಯ ಪೂರ್ವಭಾಗದಲ್ಲಿ ನೆರೆಹೊರೆಯಾಗಿರುವ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗಳು ಮಳೆಗೆ ದರಿದ್ರವಾದರೂ ನೂಲಿಗೆ ಸಂಪನ್ನವಾದುವು. ಒಂದು ಕಡೆ ಕುರುಬರ ಕಂಬಳಿ, ಮತ್ತೊಂದು ಕಡೆ ನೇಕಾರರ ರೇಷ್ಮೆ ಸೀರೆ. ಜಲದ ಉಷ್ಣತೆಯೊಡನೆ ಈ ಎರಡಕ್ಕೂ ಇರುವ ನಂಟು ಮಾತ್ರ ಪರಸ್ಪರ ವಿರುದ್ಧವಾದುದು.

ಹಸಿ ರೇಷ್ಮೆಯ ತೂಕದಲ್ಲಿ ಸುಮಾರು ಕಾಲುಭಾಗ ಸೆರಿಸಿನ್ ಎಂಬ ಅಂಟೇ ಆಗಿರುವುದರಿಂದ, ಬಣ್ಣಕ್ಕೆ ಮುನ್ನ ನೂಲನ್ನು ಸಾಬೂನು ಬೆರೆಸಿದ, ಕುದಿಯುವುದಕ್ಕೆ ತುಸುವೇ ಕಡಮೆಯಾದ, ಎಂದರೆ 90ರಿಂದ 95 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ ಬೇಯಿಸಬೇಕು. ಕಾವು ಸಾಲದೆಹೋದರೆ ಅಂಟು ಅಲ್ಲಲ್ಲಿ ಉಳಿದು ಬಣ್ಣ ಕಲೆಕಲೆಯಾಗಿ ಹಿಡಿಯುವುದು. ನೀರು ಕೊತಕೊತನೆ ಕುದಿದರೆ ಎಳೆಗಳು ತೊಡರಿ ಕಾಂತಿಗೆಡುವುವು. ಉಷ್ಣಮಾಪಕವಿಲ್ಲದ ಕಾಲದಲ್ಲಿ ಈ ನಡುವಣ ಹದಕ್ಕೆ ಅನುಭವಿಗಳ ಕಣ್ಣಲ್ಲದೆ ಬೇರೆ ಪ್ರಮಾಣವಿರಲಿಲ್ಲ. ಬಯಲುಸೀಮೆಯ ಗಡಸು ನೀರೂ ಒಂದು ವಿಘ್ನವೇ: ಅದರ ಸುಣ್ಣದಂಶ ಸಾಬೂನಿನೊಡನೆ ಕೂಡಿ ಕರಗದ ಗಸಿಯಾಗಿ ನೂಲಿಗೆ ಅಂಟಿಕೊಳ್ಳುವುದು. 1856ರಲ್ಲಿ ಪರ್ಕಿನ್ ಎಂಬ ಆಂಗ್ಲ ಯುವಕನು ಕೃತಕವರ್ಣವನ್ನು ಕಂಡುಹಿಡಿದ ಮೇಲೆ ಅಂಥ ಬಣ್ಣಗಳು ದೇಶದೇಶಗಳ ನೇಯ್ಗೆಗೂ ಬಂದುವು. ಆದರೂ ಬಣ್ಣದ ನೀರಿನ ಕಾವನ್ನು ಮೆಲ್ಲಮೆಲ್ಲನೆ ಏರಿಸುವ ತಾಳ್ಮೆಯ ಅಗತ್ಯವನ್ನು ಅವು ನೀಗಿಸಲಿಲ್ಲ.

ಕಂಬಳಿಗೆ ಹುಣಿಸೆಬೀಜದ ಗಂಜಿಯುಂಟು, ಬಿಸಿ ಜಳಕವಿಲ್ಲ. ಬಿಸಿನೀರಿನಲ್ಲಿ ಕುಲುಕಿದರೆ ಉಣ್ಣೆಯ ಎಳೆಗಳ ಮೇಲಿನ ಸೂಕ್ಷ್ಮ ಪೊರೆಗಳು ಒಂದರೊಳಗೊಂದು ಸಿಕ್ಕಿ ಬಟ್ಟೆ ಸಂಕುಚಿತವಾಗುತ್ತದೆ. ಇಂದಿನ ಒಗೆಯುವ ಯಂತ್ರದಲ್ಲಿ ಉಣ್ಣೆಗೆ ಪ್ರತ್ಯೇಕ ತಣ್ಣನೆಯ ಕ್ರಮವಿರುವುದು ಇದಕ್ಕೇ. ಅದರ ಉಷ್ಣತಾ ಸಂವೇದಕ ಕೆಟ್ಟು ಕಾವು ಮೀರಿದರೆ, ಹಳೆಯ ಒಲೆಯ ತಪ್ಪೇ ವಿದ್ಯುತ್ತಿನಿಂದ ನಡೆಯುವುದು.